ಮರೆವಿಗಿಂತ ಮೊದಲು ಬಂದು ಕೂರುವ ದೊಸಿಂದಾ

ಬೆಳಗಿನ ಆರೂವರೆ. ಅಳಿವೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಎಲಾದಿಯೊ ಅವರ ಅಡುಗೆಮನೆಯ ಕಿಟಕಿಯಾಚೆ ನಿಂಬೆಗಿಡ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣದಾಗುತ್ತದೆ. ಒಲೆಯ ಮೇಲೆ ಕಾಫಿ ಸಣ್ಣಗೆ ಗೊರಗುಟ್ಟುತ್ತಿದೆ. ಎಂಬತ್ತು ದಾಟಿದ ಈ ನಿವೃತ್ತ ಅಂಚೆಯಣ್ಣ ಸಕ್ಕರೆ ಡಬ್ಬಿ ಹುಡುಕುತ್ತ ಒಂದೇ ಕಪಾಟಿನ ಬಾಗಿಲನ್ನು ಮೂರನೆಯ ಸಲ ತೆಗೆಯುತ್ತಾರೆ. ಡಬ್ಬಿ ಮೇಜಿನ ಮೇಲೆಯೇ ಇದೆ. ಎದುರು ಕುಳಿತ ಹೆಂಗಸು ಅದನ್ನು ನೋಡಿದ್ದಾರೆ. ಆದರೂ ಹೇಳುವುದಿಲ್ಲ. ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು, ಈ ಮನೆಗೆ ಬಂದದ್ದೇ ಮಂಜು ನೋಡಲಿಕ್ಕೆ ಎಂಬಂತೆ ಕಿಟಕಿಯತ್ತ ನೋಡುತ್ತ ಕುಳಿತಿದ್ದಾರೆ.

"ಇಲ್ಲೇ ಇದೆಯಲ್ಲ, ಕಳ್ಳಂದು! ನನ್ನನ್ನೇ ನೋಡ್ಕೊಂಡು ನಗ್ತಾ ಕೂತಿದೆ" ಎನ್ನುತ್ತಾರೆ ಎಲಾದಿಯೊ, ಕೊನೆಗೊಮ್ಮೆ.

"ನಿಮ್ಮ ಕಾಫಿಗೆ ಸಕ್ಕರೆ ಎಷ್ಟು ಅನ್ನೋದು ಯಾರಿಗೆ ಗೊತ್ತು, ಎಲಾದಿಯೊ ಮಾವ?"

ಮುದುಕ ಚಮಚ ಹಿಡಿದೇ ಯೋಚಿಸುತ್ತಾರೆ. "ಹೆಂಡ್ತಿಗೆ ಗೊತ್ತಿತ್ತು. ಅವಳು ಹೋದ್ಲು. ಮಗನಿಗೆ ಗೊತ್ತಿಲ್ಲ, ಅವನು ಕುಡಿಯೋದು ಚಹಾ, ರೋಗಿಷ್ಟರ ಹಾಗೆ. ಮೇಲಿನ ಮನೆ ಸಬೇಲಾಗೆ ಗೊತ್ತು. ಎರಡೂವರೆ. ಎರಡು ಹಾಕಿ, ಆಮೇಲೆ ನನ್ನ ಮುಖ ನೋಡಿ ಅರ್ಧ ಹಾಕ್ತಾಳೆ."

ಆಗ ಹೆಂಗಸು ಚೀಲದಿಂದ ಪುಸ್ತಕ ತೆಗೆದು 'ಸಬೇಲಾ' ಎಂದು ಬರೆದುಕೊಳ್ಳುತ್ತಾರೆ. ಈ ಬೆಳಗಿನ ಬರವಣಿಗೆ ಅಷ್ಟೇ. ಉಳಿದದ್ದು ನಾಳೆ, ನಾಡಿದ್ದು, ಅಥವಾ ಮುಂದಿನ ವಾರ.

ಅವರ ಹೆಸರು ದೊಸಿಂದಾ ರಿಯಾಲ್. ವಯಸ್ಸು ಐವತ್ತೆಂಟು. ಅರ್ನೆಲಾ ಬಂದರಿನ ನೋಟರಿ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಗುಮಾಸ್ತೆ. ಊರವರು ಮನೆ ಕೊಂಡಾಗ, ದೋಣಿ ಮಾರಿದಾಗ, ಉಯಿಲು ಬರೆಸಿದಾಗ ಆ ಕಾಗದಗಳ ಕರಡು ಇವರ ಕೈಯಿಂದಲೇ ಹೊರಟಿರುತ್ತದೆ. ಕೆಳಗಿನ ಸಹಿ ಮಾತ್ರ ನೋಟರಿಯವರದು. ಹಾಗಾಗಿ ಇವರ ಹೆಸರು ಊರಿನ ಯಾವ ದಸ್ತಾವೇಜಿನಲ್ಲಿಯೂ ಸಿಗುವುದಿಲ್ಲ. ಆದರೆ ಬೆಳಗಿನ ಮಂಜಿನಲ್ಲಿ ಕಂದು ಕೋಟಿನ ಈ ಗಿಡ್ಡ ಹೆಂಗಸು ಯಾರದಾದರೂ ಬಾಗಿಲ ಮುಂದೆ ಬೂಟಿನ ಕೆಸರು ಕೆರೆಯುತ್ತ ನಿಂತದ್ದು ಕಂಡರೆ, ಆ ಮನೆಯಲ್ಲಿ ಯಾರಿಗೋ ಮರೆವು ಶುರುವಾಗಿದೆ ಎಂದು ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ. ಅವರು ದನಿ ತಗ್ಗಿಸಿ ಮುಂದೆ ಹೋಗುತ್ತಾರೆ.

ಮುಖ್ತಾರ್ ಪತ್ರವೆಂದರೆ ಏನೆಂದು ಎಲ್ಲರಿಗೂ ಗೊತ್ತು: ನನ್ನ ಪರವಾಗಿ ನೀನು ನಡೆಸು ಎಂದು ಒಬ್ಬರು ಇನ್ನೊಬ್ಬರಿಗೆ ಬರೆದುಕೊಡುವ ಕಾಗದ. ಆದರೆ ಬರೆದುಕೊಟ್ಟವರ ಬುದ್ಧಿ ಹೋದ ದಿನ ಮಾಮೂಲು ಮುಖ್ತಾರ್ ಪತ್ರದ ಜೀವವೂ ಹೋಗುತ್ತದೆ. ದೊಸಿಂದಾ ಬೆಳಗ್ಗೆ ಬೆಳಗ್ಗೆ ಹೋಗಿ ಬರೆದುಕೊಳ್ಳುವುದು ಬೇರೆ ಬಗೆಯದು. ಅದು ಬುದ್ಧಿ ಮಸುಕಾದ ಮೇಲೂ ಉಳಿಯುತ್ತದೆ. ಅಂಥ ಸಮಯಕ್ಕೆಂದೇ ಬರೆಯುವಂಥದ್ದು ಅದು. ಬರೆಸುವುದು ಮಾತ್ರ ಬುದ್ಧಿ ನೆಟ್ಟಗಿರುವಾಗಲೇ ಆಗಬೇಕು. ತಾನು ಏನು ಕೊಡುತ್ತಿದ್ದೇನೆ, ಯಾರಿಗೆ ಕೊಡುತ್ತಿದ್ದೇನೆ ಎಂದು ನೋಟರಿಯ ಎದುರು ಅವರೇ ಬಾಯಿಬಿಟ್ಟು ಹೇಳಬೇಕು.

"ಬೇಗ ಹೋದ್ರೆ ಜನಕ್ಕೆ ಸಿಟ್ಟು ಬರುತ್ತೆ. ನನಗೇನಾಗಿದೆ, ಗಟ್ಟಿಮುಟ್ಟಾಗಿದ್ದೀನಿ, ನಡಿ ಆಚೆ ಅಂತಾರೆ. ತಡವಾಗಿ ಹೋದ್ರೆ, ಯಾರಮ್ಮ ನೀನು ಅಂತ ಕೇಳ್ತಾರೆ" ಎನ್ನುತ್ತಾರೆ ದೊಸಿಂದಾ. "ಆ ಎರಡರ ನಡುವೆ ಒಂದಿಷ್ಟು ದಿನ ಇರುತ್ತಲ್ಲ, ಅಷ್ಟೇ ನನ್ನ ಕೆಲಸದ ಜಾಗ."

ಈ ಆರು ವರ್ಷಗಳಲ್ಲಿ ಅವರು ಹೀಗೆ ಕೂತು ಬರೆದ ಪತ್ರಗಳು ನೂರ ಎಂಬತ್ತನಾಲ್ಕು. ಒಂದೊಂದಕ್ಕೆ ನಾಲ್ಕೈದು ಬೆಳಗು. ಆರರಿಂದ ಒಂಬತ್ತೂವರೆಯವರೆಗೆ ಮಾತ್ರ. ಮರೆವಿನವರ ತಲೆ ಬೆಳಗ್ಗೆ ತಿಳಿಯಾಗಿರುತ್ತದೆ, ಹೊತ್ತು ಏರಿದಂತೆ ಕದಡುತ್ತದೆ. ಬಸ್ಸು ಹೋಗದ ಕಡೆಗೆ ನಡೆದೇ ಹೋಗುತ್ತಾರೆ, ದಿನಕ್ಕೆ ಐದಾರು ಕಿಲೋಮೀಟರು. ತಡವಾಗಿ ಹೋದ ಮನೆಗಳ ಲೆಕ್ಕ ಕೇಳಿದರೆ ಯೋಚಿಸದೆ ಹೇಳುತ್ತಾರೆ: "ಇಪ್ಪತ್ತೊಂಬತ್ತು." ಆ ಇಪ್ಪತ್ತೊಂಬತ್ತು ಹೆಸರುಗಳೂ ಅವರ ಬಾಯಲ್ಲಿವೆ. ಮೂವತ್ತನೆಯ ಹೆಸರೊಂದಿದೆ. ಅದು ಬಾಯಿಗೆ ಬರಲು ಸ್ವಲ್ಪ ಹೊತ್ತು ಬೇಕು. ಅದು ಅವರ ಅಪ್ಪನದು.

ಅಪ್ಪ ದೂರದ ತಣ್ಣನೆಯ ಸಮುದ್ರಗಳಿಗೆ ಹೋಗುತ್ತಿದ್ದ ಮೀನು ಹಡಗುಗಳಲ್ಲಿ ಅಡುಗೆಯವರಾಗಿದ್ದರು. ಇಪ್ಪತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಮಗಳು ಊಟಕ್ಕೆ ಮನೆಗೆ ಬಂದಾಗ ಒಲೆಯ ಮೇಲೆ ಮೂವತ್ತು ಜನಕ್ಕಾಗುವಷ್ಟು ಸೊಪ್ಪಿನ ಸಾರು ಕುದಿಯುತ್ತಿತ್ತು. ಇದ್ದವರು ಇಬ್ಬರೇ. "ಕೂಗು ಎಲ್ಲರನ್ನೂ. ಚಳಿಗಾಳಿಯಲ್ಲಿ ನಿಂತಿದ್ದಾರೆ ಪಾಪ" ಎಂದರಂತೆ ಅಪ್ಪ. ದೊಸಿಂದಾ ಬಾಗಿಲಿಗೆ ಹೋಗಿ ನಿಂತು ಖಾಲಿ ಓಣಿಗೆ "ಬನ್ರೋ, ಅಡುಗೆ ಆಯ್ತು" ಎಂದು ಕೂಗಿದರು. ಅಂದು ಸಂಜೆಯವರೆಗೂ ಓಣಿಯ ಮನೆಮನೆಗೆ ಸಾರು ಹಂಚಿದರು.

ಮುಂದಿನದು ಕೋರ್ಟಿನಲ್ಲಿ ನಡೆಯಿತು. ಅಪ್ಪನ ಪರವಾಗಿ ಸಹಿ ಹಾಕಲು ಮಗಳಿಗೆ ಅಧಿಕಾರವಿರಲಿಲ್ಲ. ಅದು ಸಿಗಲು ಎರಡೂವರೆ ವರ್ಷ ಹಿಡಿಯಿತು. ಅಷ್ಟರವರೆಗೆ ಅಪ್ಪ ಎಲ್ಲಿ ಮಲಗಬೇಕು, ಯಾವ ವೈದ್ಯರು ನೋಡಬೇಕು ಎಂಬುದನ್ನೆಲ್ಲ ಅವರನ್ನು ಒಮ್ಮೆಯೂ ಕಂಡಿರದ, ಕೋರ್ಟು ನೇಮಿಸಿದ ವಕೀಲರೊಬ್ಬರು ತೀರ್ಮಾನಿಸುತ್ತಿದ್ದರು. ತೀರ್ಪು ಬಂದ ವಾರವೇ ಅಪ್ಪ ತೀರಿಕೊಂಡರು.

"ಊರಿನವರಿಗೆಲ್ಲ ಟೈಪು ಹೊಡೆದು ಕೊಡ್ತಿದ್ದೆ. ಅಪ್ಪನ ಹತ್ರ ಕೇಳೋಕೆ ನಾಚಿಕೆ ಆಯ್ತು. ನಿಮ್ಮ ಬುದ್ಧಿ ಹೋಗ್ತಿದೆ ಅಂತ ಅಪ್ಪನಿಗೆ ಹೇಗೆ ಹೇಳೋದು? ಇವತ್ತು ಬೇಡ, ನಾಳೆ ನೋಡೋಣ ಅಂತ ಒಂದು ವರ್ಷ ಕಳೆದೆ." ದೊಸಿಂದಾ ಇದನ್ನು ಅಳದೆ ಹೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ಕೋಟಿನ ಗುಂಡಿ ಒಮ್ಮೆ ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಾರೆ.

ಆದರೂ ಆಮೇಲಿನ ಎಷ್ಟೋ ವರ್ಷ ಅವರು ಕಚೇರಿಯಲ್ಲೇ ಕೂತು, ಬಂದವರಿಗೆ ಮಾತ್ರ ಬರೆದುಕೊಟ್ಟರು. ಬೆಳಗಿನ ಹೊತ್ತು ಮನೆಬಾಗಿಲಿಗೆ ಹೋಗುವುದನ್ನು ಕಲಿಸಿದವರು ಕಸಿಲ್ದಾ ಔತೇರಾಲ್.

ಕಸಿಲ್ದಾ ಅಳಿವೆಯ ಮರಳಲ್ಲಿ ಬಳಚು ಎಂಬ ಚಿಪ್ಪುಮೀನು ಬಾಚುವವರು. ಮದುವೆಯಾಗಲಿಲ್ಲ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ರಬ್ಬರ್ ಬೂಟು ಹಾಕಿ, ಬಗ್ಗಿ, ಉದ್ದ ಹಿಡಿಯ ಹಲ್ಲಿನ ಕುಂಟೆಯಿಂದ ಮರಳು ಕೆದಕಿ, ಚಿಪ್ಪು ಹೆಕ್ಕಿ ಬಕೆಟಿಗೆ ಹಾಕುವ ಕೆಲಸದಲ್ಲಿ ಅರವತ್ತು ವರ್ಷ ಕಳೆದರು. ಅದರಲ್ಲಿ ನಲವತ್ತು ವರ್ಷ ಅವರ ಎಡಗಡೆಯಲ್ಲಿ ಬಗ್ಗಿದ್ದವರು ಎರ್ಮಿತಾಸ್ ಲೆಸ್ತೋನ್. ಇಬ್ಬರ ಮನೆಗೂ ಒಂದೇ ಗೋಡೆ. ಎರ್ಮಿತಾಸ್ ದನಿ ದೊಡ್ಡದು. ಅದಕ್ಕೆ ಕಸಿಲ್ದಾ ಅವರನ್ನು 'ಗಂಟೆ' ಎಂದೇ ಕರೆಯುವುದು.

ಆರು ವರ್ಷದ ಹಿಂದಿನ ಜನವರಿಯಲ್ಲಿ, ನೀರು ವಾಪಸು ಏರತೊಡಗಿದಾಗ ಹೆಂಗಸರೆಲ್ಲ ಬಕೆಟು ಹೊತ್ತು ದಡಕ್ಕೆ ಬಂದರು. ಕಸಿಲ್ದಾ ಬರಲಿಲ್ಲ. ಮಂಜಿನ ನಡುವೆ ಸುಮ್ಮನೆ ನಿಂತಿದ್ದರು. ದಡ ಯಾವ ಕಡೆ ಎಂದು ಅವರಿಗೆ ತಿಳಿಯಲಿಲ್ಲ. ಎರ್ಮಿತಾಸ್ ಕೂಗುತ್ತಲೇ ಓಡಿ, ತೊಡೆಮಟ್ಟದ ನೀರಿನಲ್ಲಿ ಅವರ ಸೊಂಟ ಹಿಡಿದು ಎಳೆದು ತಂದರು. "ನೀರು ಬೆಚ್ಚಗಿತ್ತು ಕಣೆ, ಅಮ್ಮ ಕರೀತಾ ಇದ್ಲು" ಎಂದರಂತೆ ಕಸಿಲ್ದಾ. ಜನವರಿಯ ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು.

ವೈದ್ಯರು ಕಾಯಿಲೆಯ ಹೆಸರು ಹೇಳಿದರು. ಆರು ತಿಂಗಳು, ಹೆಚ್ಚೆಂದರೆ ವರ್ಷ, ಆಮೇಲೆ ವ್ಯವಹಾರ ತಿಳಿಯಲಿಕ್ಕಿಲ್ಲ ಎಂದರು. ಕಸಿಲ್ದಾ ಅವರಿಗೆ ಹತ್ತಿರದ ಸಂಬಂಧಿ ಒಬ್ಬನೇ, ತೀರಿಹೋದ ತಂಗಿಯ ಮಗ ಬ್ರಾಯಿಸ್. ನೂರು ಕಿಲೋಮೀಟರ್ ಒಳನಾಡಿನ ಪಟ್ಟಣದಲ್ಲಿ ಬಸ್ಸುಗಳ ಮೆಕ್ಯಾನಿಕ್. ಒಳ್ಳೆಯ ಹುಡುಗ. ಭಾನುವಾರ ತಪ್ಪದೆ ಬರುತ್ತಿದ್ದ. ತನ್ನ ಪಟ್ಟಣದಲ್ಲಿ ಸ್ವಚ್ಛವಾದ, ಬೆಚ್ಚಗಿನ ವೃದ್ಧಾಶ್ರಮವೊಂದನ್ನು ನೋಡಿಯೂ ಇಟ್ಟಿದ್ದ. ಎರ್ಮಿತಾಸ್‌ಗೆ ಅಲ್ಲಿ ಯಾವ ಮಾತೂ ನಡೆಯುವಂತಿರಲಿಲ್ಲ. ಅವರು ಪಕ್ಕದ ಮನೆಯವರು, ಅಷ್ಟೇ.

ಹೀಗಾಗಿ ಒಂದು ದಿನ ಇಬ್ಬರೂ ಭಾನುವಾರ ಚರ್ಚಿಗೆ ಉಡುವ ಬಟ್ಟೆ ತೊಟ್ಟು ನೋಟರಿ ಕಚೇರಿಗೆ ಬಂದರು. ಮಧ್ಯಾಹ್ನ ನಾಲ್ಕು ಗಂಟೆ. ಆ ಹೊತ್ತು ಕೊಟ್ಟವರು ದೊಸಿಂದಾ.

ನೋಟರಿ ದೋನ್ ಅನ್ಸೆಲ್ಮೊ ಆಗಷ್ಟೇ ಒಣ ಬಯಲುಸೀಮೆಯಿಂದ ವರ್ಗವಾಗಿ ಬಂದಿದ್ದರು. ನೀಟಾದ ಮನುಷ್ಯ, ಕಾನೂನಿನಲ್ಲಿ ಬಿಗಿ. ನಿಯಮದಂತೆ ಎರ್ಮಿತಾಸ್‌ರನ್ನು ಹೊರಗೆ ಕೂರಿಸಿ, ಕಸಿಲ್ದಾರನ್ನು ಮೆದು ಸೋಫಾದಲ್ಲಿ ಕೂರಿಸಿ ಮೆಲ್ಲಗೆ ಕೇಳಿದರು: "ನಿಮ್ಮ ಜೊತೆ ಬಂದವರು ಯಾರು, ಅಮ್ಮ?"

ಕಸಿಲ್ದಾ ಗೋಡೆ ನೋಡಿದರು. ಬಾಗಿಲು ನೋಡಿದರು. "ಅಮ್ಮ" ಎಂದರು.

ದೋನ್ ಅನ್ಸೆಲ್ಮೊ ಇನ್ನೂ ಎರಡು ಪ್ರಶ್ನೆ ಕೇಳಿ, ಕಡತ ಮುಚ್ಚಿದರು. "ಇವತ್ತು ಆಗಲ್ಲ. ಆಗುತ್ತೆ ಅಂದ್ರೆ ತಪ್ಪು ಮಾಡಿದ ಹಾಗೆ."

ಬೀದಿಗೆ ಬಂದ ಎರ್ಮಿತಾಸ್ ಇಡೀ ಬಂದರಿಗೆ ಕೇಳುವಂತೆ ಕೂಗಿದರು: "ನಲವತ್ತು ವರ್ಷ ನನ್ನ ಕತ್ತೆ ಅಂದ್ಲು, ಕಿವುಡಿ ಅಂದ್ಲು, ಗಂಟೆ ಅಂದ್ಲು. ಇವತ್ತೊಂದು ಮಧ್ಯಾಹ್ನ ಅಮ್ಮ ಅನ್ನಬೇಕಿತ್ತಾ ಇವಳು! ನನಗಿಂತ ಮೂರು ವರ್ಷ ದೊಡ್ಡವಳು!" ಆಮೇಲೆ ಕಸಿಲ್ದಾರ ಕೋಟಿನ ಕೊರಳಪಟ್ಟಿ ಸರಿ ಮಾಡಿ, ಕೈ ಹಿಡಿದು ಕರೆದುಕೊಂಡು ಹೋದರು.

"ನೋಟರಿಯವರು ಮಾಡಿದ್ದು ಸರಿ" ಎನ್ನುತ್ತಾರೆ ದೊಸಿಂದಾ. "ನಾನು ಕೊಟ್ಟ ಹೊತ್ತೇ ತಪ್ಪು. ಜಾಗಾನೂ ತಪ್ಪು. ಬದುಕೆಲ್ಲ ನೀರಿನ ಹತ್ರ ನಿಂತವಳನ್ನ ಕರ್ಕೊಂಡು ಬಂದು ಗೋಡೆ ಮುಂದೆ ಕೂರಿಸಿದ್ದೆ."

ಮಾರನೆಯ ಬೆಳಗ್ಗೆ ಅವರು ಬೂಟು ಹಾಕಿಕೊಂಡು ಮರಳಿಗಿಳಿದರು. ಕಚೇರಿ ತೆರೆಯುವುದು ಒಂಬತ್ತೂವರೆಗೆ. ಅಲ್ಲಿಯವರೆಗಿನ ಹೊತ್ತು ಅವರ ಸ್ವಂತದ್ದು. ಎರ್ಮಿತಾಸ್ ಆಗ ಕಸಿಲ್ದಾರ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಬಳಚು ಬಾಚುತ್ತಿದ್ದರು. ಮಂಜಿನಲ್ಲಿ ಎರಡು ಬಗ್ಗಿದ ಬೆನ್ನುಗಳು, ನಡುವೆ ಸಡಿಲವಾದ ಹಗ್ಗ. ದೊಸಿಂದಾ ಇನ್ನೊಂದು ಪಕ್ಕದಲ್ಲಿ ಬಗ್ಗಿದರು. ಅವರಿಗೆ ಕುಂಟೆ ಹಿಡಿಯಲೂ ಬರುತ್ತಿರಲಿಲ್ಲ.

"ಏನೇ ಹುಡುಗಿ, ಮರಳಿಗೆ ತಲೆ ಬಾಚ್ತಾ ಇದ್ದೀಯಾ?" ಎಂದರು ಕಸಿಲ್ದಾ. "ಒತ್ತಿ ಹಿಡಿ. ಕೆಳಗಿರೋನಿಗೆ ನೀನು ಬಂದಿದ್ದೀಯಾ ಅಂತ ಗೊತ್ತಾಗ್ಬೇಕು."

ಆ ದನಿಯಲ್ಲಿ ಸೋಫಾದ ಹೆಂಗಸು ಇರಲಿಲ್ಲ. ದೊಸಿಂದಾ ಹನ್ನೊಂದು ಬೆಳಗು ಹೋದರು. ಕೇಳಿದ್ದು ಕಡಿಮೆ. ನೀರು ಸರಿಯುವ ಸದ್ದಿನಲ್ಲಿ, ಕುಂಟೆಯ ಕರಕರದಲ್ಲಿ ಮಾತು ತಾನಾಗಿ ಬರುತ್ತಿತ್ತು, ಕೆಲವೊಮ್ಮೆ ಈ ಲೋಕದ್ದು, ಕೆಲವೊಮ್ಮೆ ಎಲ್ಲಿಯದೋ. ಒಂದು ಬೆಳಗ್ಗೆ ಕಸಿಲ್ದಾ, ನೀರಿನಡಿ ತನಗೊಂದು ಮನೆಯಿದೆ, ಕಿಟಕಿಗಳೆಲ್ಲ ಚಿಪ್ಪಿನವು, ಅಲ್ಲಿ ಯಾರಿಗೂ ಬೆನ್ನು ನೋಯುವುದಿಲ್ಲ ಎಂದು ಒಂದು ಗಂಟೆ ವರ್ಣಿಸಿದರು. ಎರ್ಮಿತಾಸ್ ತಡೆಯಲಿಲ್ಲ. "ಅಡುಗೆ ಯಾರು ಮಾಡ್ತಾರೆ ಅಲ್ಲಿ?" ಎಂದಷ್ಟೇ ಕೇಳಿದರು. "ನೀನಲ್ಲ, ಸದ್ಯ" ಎಂದರು ಕಸಿಲ್ದಾ.

ಈ ಲೋಕದ ಮಾತು ಬಂದಾಗ ದೊಸಿಂದಾ ಕೈ ಒರೆಸಿಕೊಂಡು ಬರೆದುಕೊಂಡರು. ನೀರು ಕಾಣದ ಕಡೆ ನನ್ನನ್ನು ಇಡಬಾರದು. ನನ್ನ ಮನೆ ಬಾಡಿಗೆಗೆ ಕೊಡಬಹುದು, ನಾನಿರುವವರೆಗೆ ಮಾರುವಂತಿಲ್ಲ. ಸಾರಿನ ಆಲೂಗಡ್ಡೆ ಹಿಸುಕಬಾರದು, ನನಗೆ ಹಲ್ಲಿದೆ. ಕೂದಲು ಕತ್ತರಿಸಬಾರದು. ಇವೆಲ್ಲವನ್ನೂ ನನ್ನ ಪರವಾಗಿ ನೋಡಿಕೊಳ್ಳುವವಳು ಗಂಟೆ.

ನಂತರ ದೊಸಿಂದಾ ಮಾಡಿದ ಕೆಲಸ ಕಚೇರಿಯ ಇತಿಹಾಸದಲ್ಲೇ ಇರಲಿಲ್ಲ. ದೋನ್ ಅನ್ಸೆಲ್ಮೊ ಅವರ ಮೇಜಿನ ಮೇಲೆ ಕರಡು ಇಟ್ಟು, ಪಕ್ಕದಲ್ಲಿ ಭರತ-ಇಳಿತದ ವೇಳಾಪಟ್ಟಿ ಇಟ್ಟರು. "ಶುಕ್ರವಾರ ಬೆಳಗ್ಗೆ ಏಳು ಇಪ್ಪತ್ತಕ್ಕೆ ನೀರು ಪೂರ್ತಿ ಇಳಿದಿರುತ್ತೆ. ನೀವು ದಡಕ್ಕೆ ಬಂದು ಕೇಳಬೇಕು."

"ದಡಕ್ಕೆ?"

"ಬಳಚು ತೂಗೋ ಶೆಡ್ಡಿದೆ. ಮೇಜಿದೆ. ಕಾನೂನಿಗೆ ಬೇಕಾಗಿರೋದು ಅವರ ಬುದ್ಧಿ ತಾನೇ, ನಮ್ಮ ಸೋಫಾ ಅಲ್ಲವಲ್ಲ?"

ಮೂವತ್ತೊಂದು ವರ್ಷದಲ್ಲಿ ದೊಸಿಂದಾ ಒಬ್ಬ ನೋಟರಿಗೆ ಎದುರು ಮಾತಾಡಿದ್ದು ಅದೊಂದೇ ಸಲವಂತೆ. ದೋನ್ ಅನ್ಸೆಲ್ಮೊ ವೇಳಾಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅದು ಓದಲು ಬರುತ್ತಿರಲಿಲ್ಲ. "ಬೂಟು ಬೇಕಾಗುತ್ತಾ?" ಎಂದರು.

ಯಾರೋ ಬೆಸ್ತರ ಬೂಟು ಸಾಲ ತಂದು ಹಾಕಿಕೊಂಡು, ಕೋಟು ಟೈ ಸಮೇತ ಬಂದ ನೋಟರಿಯನ್ನು ಹೆಂಗಸರು ಸುಮ್ಮನೆ ಬಿಡಲಿಲ್ಲ. "ದೋನ್ ಅನ್ಸೆಲ್ಮೊ, ಬೂಟೊಳಗೆ ನೀವೊಬ್ರೇ ಇದ್ದೀರೋ, ಇನ್ನೂ ಇಬ್ರಿಗೆ ಜಾಗ ಇದೆಯೋ?" ಎಂದು ಒಬ್ಬಳು. "ಟೈ ತೆಗೀರಿ, ಬಳಚು ಹೆದರ್ಕೊಳ್ತವೆ" ಎಂದು ಇನ್ನೊಬ್ಬಳು. ಅವರು ಕಿವಿ ಕೆಂಪಾಗಿಸಿಕೊಂಡು ಶೆಡ್ಡಿನೊಳಗೆ ಹೋದರು. ಎರ್ಮಿತಾಸ್ ನಿಯಮದಂತೆ ದೂರ ಹೋಗಬೇಕಾಗಿತ್ತು. ಹಗ್ಗ ಬಿಚ್ಚಿ, ಕುಂಟೆ ಹೊತ್ತು, ದನಿ ಕೇಳಿಸದಷ್ಟು ದೂರ ಮರಳಿನಲ್ಲಿ ನಡೆದುಹೋದರು. ಅವರ ವಿಷಯದಲ್ಲಿ ಅದು ಬಹಳ ದೂರ.

ಕಸಿಲ್ದಾ ಮೇಜಿನ ಮುಂದೆ ನಿಂತೇ ಇದ್ದರು. ಕೈಗಳು ಬಕೆಟಿನೊಳಗೆ ಚಿಪ್ಪು ತೊಳೆಯುತ್ತಿದ್ದವು. ದೊಸಿಂದಾ ಮೂಲೆಯಲ್ಲಿ.

"ಇವತ್ತು ಯಾವ ತಾರೀಕು, ಅಮ್ಮ?"

"ತಾರೀಕು ಗೊತ್ತಿಲ್ಲ. ನಾಳೆ ನೀರು ಇವತ್ತಿಗಿಂತ ಹಿಂದೆ ಹೋಗುತ್ತೆ, ನಾಡಿದ್ದು ಇನ್ನೂ ಹಿಂದೆ. ಆಮೇಲೆ ತಿರುಗುತ್ತೆ."

ದೋನ್ ಅನ್ಸೆಲ್ಮೊ ದೊಸಿಂದಾರತ್ತ ನೋಡಿದರು. ಅವರು ವೇಳಾಪಟ್ಟಿ ಚಾಚಿದರು. ಬೆರಳಿಟ್ಟು ನೋಡಿದರೆ ಮಾತು ಸರಿಯಾಗಿತ್ತು.

"ಈ ಕಾಗದದಿಂದ ಏನಾಗುತ್ತೆ?"

"ನನ್ನ ತಲೆ ಹೋದ ಮೇಲೆ ನನ್ನ ಮಾತು ಅವಳು ಆಡ್ತಾಳೆ. ಈಗಲೂ ಆಡ್ತಾಳೆ, ಕೇಳದೇನೇ. ಕಾಗದ ಇದ್ರೆ ಬೇರೆಯವರು ಕೇಳಿಸ್ಕೊಳ್ತಾರೆ."

"ಅವರು ನಿಮ್ಮ ಮನೆ ಮಾರಬಹುದೇ?"

"ಮಾರಂಗಿಲ್ಲ ಅಂತ ಬರೆಸಿದ್ದೀನಲ್ಲ. ಓದಿಲ್ವಾ ನೀವು?"

"ನಿಮ್ಮ ಅಕ್ಕನ... ತಂಗಿಯ ಮಗ ಇದ್ದಾನೆ. ಅವನಿಗೇಕೆ ಕೊಡಲಿಲ್ಲ?"

ಕೈ ನಿಂತಿತು. "ಬ್ರಾಯಿಸ್ ಒಳ್ಳೆಯವನು. ನನ್ನ ಮೇಲೆ ಜೀವ ಇಟ್ಕೊಂಡಿದ್ದಾನೆ. ಅದಕ್ಕೇ ನನ್ನ ಬೆಚ್ಚಗೆ ಒಳಗೆ ಇಡ್ತಾನೆ. ಇವಳಾದ್ರೆ ಬೈದು ಹೊರಗೆ ಕೂರಿಸ್ತಾಳೆ. ನನಗೆ ಹೊರಗೇ ಬೇಕು."

"ಇವಳು ಅಂದ್ರೆ ಯಾರು? ಹೆಸರು ಹೇಳಬೇಕು."

"ಗಂಟೆ."

"ಕಾಗದದ ಹೆಸರು, ಅಮ್ಮ."

ಚಿಪ್ಪುಗಳು ಬಕೆಟಿನಲ್ಲಿ ಒಂದೊಂದಾಗಿ ಬಾಯಿ ಮುಚ್ಚುವ ಸಣ್ಣ ಸದ್ದು ಮಾತ್ರ. ಕಸಿಲ್ದಾರ ತುಟಿ ಅಲುಗಿತು, ಹೆಸರು ಬರಲಿಲ್ಲ. ಮೂಲೆಯಲ್ಲಿದ್ದ ದೊಸಿಂದಾ ಬಾಯಲ್ಲಿ ಅದು ಸಿದ್ಧವಾಗಿತ್ತು. ಮೊದಲ ಅಕ್ಷರ ಉಸಿರಿದರೂ ಸಾಕಿತ್ತು.

"ಹೇಳಿಬಿಟ್ಟಿದ್ರೆ ಅದು ನನ್ನ ಕಾಗದ ಆಗ್ತಿತ್ತು, ಅವಳದ್ದಲ್ಲ" ಎನ್ನುತ್ತಾರೆ ಅವರು ಈಗ. "ನನ್ನ ಬೂಟು ನೋಡ್ಕೊಂಡು ನಿಂತೆ. ಅಪ್ಪ ಮಾತು ಹುಡುಕ್ತಿದ್ದಾಗ ಕೂಡ ಅಷ್ಟು ಹೊತ್ತು ಕಾದಿರಲಿಲ್ಲ ನಾನು."

ಕಸಿಲ್ದಾ ಬಾಗಿಲಾಚೆ ನೋಡಿದರು. ಮಂಜು ತೆಳುವಾಗಿತ್ತು. ಬೆಳ್ಳಗೆ ಹೊಳೆಯುವ ಮರಳಿನ ಕೊನೆಯಲ್ಲಿ ಒಂದು ಸಣ್ಣ ಕಪ್ಪು ಆಕೃತಿ ಬಗ್ಗಿತ್ತು.

"ಅಗೋ, ಎಡಗಾಲು ಎಳ್ಕೊಂಡು ನಡೀತಾಳಲ್ಲ, ಅವಳು" ಎಂದರು ನಿಧಾನವಾಗಿ. "ಅವಳ ಮಗಳ ನಾಮಕರಣದಲ್ಲಿ ಮಗೂನ ಎತ್ಕೊಂಡಿದ್ದು ನಾನು. ಪಾದ್ರಿ ಕೇಳಿದ್ರು, ತಾಯಿ ಯಾರು ಅಂತ. ನಾನೇ ಹೇಳ್ದೆ. ಗಟ್ಟಿಯಾಗಿ ಹೇಳ್ದೆ. ಎರ್ಮಿತಾಸ್. ಎರ್ಮಿತಾಸ್ ಲೆಸ್ತೋನ್."

ದೋನ್ ಅನ್ಸೆಲ್ಮೊ ಪೂರ್ತಿ ಪತ್ರವನ್ನು ದನಿಯೆತ್ತಿ ಓದಿದರು, ಆಲೂಗಡ್ಡೆಯ ಮಾತನ್ನೂ ಬಿಡದೆ. ಕಸಿಲ್ದಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಸಹಿ ಹಾಕಿದರು. ಒಂದೊಂದು ಅಕ್ಷರವೂ ಒಂದೊಂದು ದಿಕ್ಕಿಗೆ ವಾಲಿತ್ತು. ಹೊರಬಂದು ಎರಡು ಕೈ ಬಾಯಿಗಿಟ್ಟು ಕೂಗಿದರು: "ಏ ಕಿವುಡಿ! ಮುಗೀತು ಬಾರೇ! ನೀರು ಏರ್ತಿದೆ!"

ಅದಾಗಿ ಹದಿನಾಲ್ಕು ತಿಂಗಳಿಗೆ ಕಸಿಲ್ದಾ ಮೆಟ್ಟಿಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅಷ್ಟರಲ್ಲಿ ಅವರಿಗೆ ತಮ್ಮ ಹೆಸರೂ ನೆನಪಿರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯವರು ಎರ್ಮಿತಾಸ್‌ರನ್ನು ಕೇಳಿದರು: "ನೀವು ಇವರಿಗೇನಾಗಬೇಕು?" ಎರ್ಮಿತಾಸ್ ಅಂಗಿಯೊಳಗಿನಿಂದ ಪತ್ರ ತೆಗೆದು ಇಟ್ಟರು. ಓದಿದವರು ಎದ್ದು ನಿಂತು ಕುರ್ಚಿ ಕೊಟ್ಟರು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಎರ್ಮಿತಾಸ್‌ರದೇ.

ಬ್ರಾಯಿಸ್ ಓಡಿ ಬಂದ. ಚಿಕ್ಕಂದಿನಿಂದ ದೊಡ್ಡಮ್ಮ ಎಂದವನಿಗೆ ತೀರ್ಮಾನದಲ್ಲಿ ಮಾತಿಲ್ಲ, ಪಕ್ಕದ ಮನೆಯವರಿಗೆ ಇದೆ ಎಂಬುದು ನುಂಗಲಾರದ ತುತ್ತಾಯಿತು. "ನಾನೇನು ಮಾಡಿದ್ದೆ ಅವರಿಗೆ?" ಎಂದು ಕೇಳಿದ. ಎರ್ಮಿತಾಸ್, ಅಪರೂಪಕ್ಕೆ, ದನಿಯೆತ್ತದೆ "ಓದು ಮಗಾ" ಎಂದರು. ಅವನು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಓದಿದ. ಕೊನೆಯ ಪುಟದಲ್ಲಿ, ಹನ್ನೊಂದನೆಯ ಬೆಳಗ್ಗೆ ಕಸಿಲ್ದಾ ಹೇಳಿ ಬರೆಸಿದ ಒಂದು ಸಾಲಿತ್ತು: 'ಬ್ರಾಯಿಸ್ ಭಾನುವಾರ ಬರುತ್ತಾನೆ. ಅವನ ಕೈಲಿ ಕಷ್ಟದ ತೀರ್ಮಾನ ಮಾಡಿಸಬೇಡಿ, ಅವನಿಗೆ ಬೇಗ ಅಳು ಬರುತ್ತದೆ. ಅವನಿಗೆ ಊಟ ಹಾಕಿ.'

ಅವನಿಗೆ ಅಳು ಬಂದೇ ಬಂತು. ನಡುವೆ ನಗುವೂ.

ಎಲಾದಿಯೊ ಅವರ ಮನೆಯಿಂದ ಹೊರಟ ದೊಸಿಂದಾ ಈಗ ದಡದ ದಾರಿಯಲ್ಲಿ ನಡೆಯುತ್ತಿದ್ದಾರೆ. ಎಂಟೂಕಾಲು. ನೀರು ಇಳಿದಿದೆ. ಶೆಡ್ಡಿನ ಬಿಸಿಲು ಬೀಳುವ ಬದಿಯಲ್ಲಿ ಕಂಬಳಿ ಹೊದ್ದು ಕುಳಿತವರು ಕಸಿಲ್ದಾ, ಈಗ ಎಪ್ಪತ್ತೊಂಬತ್ತು. ಉದ್ದನೆಯ ಬಿಳಿ ಜಡೆ ಎದೆಯ ಮೇಲಿದೆ. ಮಳೆಯಿಲ್ಲದ ಬೆಳಗುಗಳಲ್ಲಿ ಎರ್ಮಿತಾಸ್ ಅವರನ್ನು ಇಲ್ಲಿ ತಂದು ಕೂರಿಸುತ್ತಾರೆ. ಹೆಂಗಸರು ಬಕೆಟು ತಂದು ಅವರ ಮಡಿಲ ತಟ್ಟೆಗೆ ಚಿಪ್ಪು ಸುರಿಯುತ್ತಾರೆ. ಅವರು ಕಣ್ಣು ಮುಚ್ಚಿಕೊಂಡೇ ಬೆರಳಿನಿಂದ ಸವರಿ, ಚಿಕ್ಕವನ್ನು ಎಡಕ್ಕೆ, ದೊಡ್ಡವನ್ನು ಬಲಕ್ಕೆ ಹಾಕುತ್ತಾರೆ. ಚಿಕ್ಕವು ವಾಪಸು ಮರಳಿಗೆ ಹೋಗಬೇಕು. ಅಳತೆಯ ಉಂಗುರ ಹಿಡಿದು ನೋಡಿದರೆ ಒಂದೂ ತಪ್ಪಿರುವುದಿಲ್ಲ.

ದೊಸಿಂದಾ ಪಕ್ಕದಲ್ಲಿ ಕೂರುತ್ತಾರೆ. ಕಸಿಲ್ದಾ ಕಣ್ಣು ತೆರೆದು ನೋಡುತ್ತಾರೆ.

"ಯಾರ ಮಗಳೇ ನೀನು?"

"ಹಡಗಿನ ಅಡುಗೆಯವರ ಮಗಳು."

"ಹಾಂ" ಎಂದು ಅವರು ತಲೆದೂಗುತ್ತಾರೆ, ಎಲ್ಲವೂ ತಿಳಿದಂತೆ. "ಒಳ್ಳೆ ಸಾರು ಮಾಡ್ತಾನೆ ಅವನು." ಮತ್ತೆ ಕಣ್ಣು ಮುಚ್ಚುತ್ತಾರೆ. ಬೆರಳು ಚಿಪ್ಪಿಗೆ ಮರಳುತ್ತದೆ. ದೊಸಿಂದಾ ಬಹಳ ಹೊತ್ತು ಎದ್ದೇಳುವುದಿಲ್ಲ.

ದೂರದಿಂದ ಎರ್ಮಿತಾಸ್ ದನಿ ತೇಲಿ ಬರುತ್ತದೆ: "ದೊಸಿಂದಾ! ಬಂದಿದ್ದೀಯಾ, ಸುಮ್ನೆ ಕೂರ್ಬೇಡ, ಅವಳ ಕಂಬಳಿ ಎಳೆದು ಹೊದಿಸು! ಇಲ್ಲ, ಅಷ್ಟು ಬೇಡ, ಬೈತಾಳೆ!"

ಇನ್ನೆರಡು ವರ್ಷಕ್ಕೆ ದೊಸಿಂದಾ ನಿವೃತ್ತರಾಗುತ್ತಾರೆ. ಅವರ ಸ್ವಂತ ಪತ್ರ ಕಳೆದ ವಸಂತದಲ್ಲಿ ಆಯಿತು. ಅಧಿಕಾರ ಕೊಟ್ಟದ್ದು ಮಗಳು ಉಷೀಯಾಗೆ. ಬಂದರಿನ ಮೂಲೆಯ ರೊಟ್ಟಿ ಅಂಗಡಿ ಅವಳದು. ಆದರೆ ಕೇಳಿ ಬರೆದುಕೊಳ್ಳುವವರು ಯಾರು? ಆ ಕಚೇರಿಯಲ್ಲಿ ಹಾಗೆ ಕೂರಬಲ್ಲವರು ಇನ್ನೊಬ್ಬರಿಲ್ಲ. ಕೊನೆಗೆ ದೋನ್ ಅನ್ಸೆಲ್ಮೊ ತಾವೇ ಬಂದರು. ನಾಲ್ಕು ಬೆಳಗು ದೊಸಿಂದಾರ ಅಡುಗೆಮನೆಯಲ್ಲಿ ಕೂತು, ಗಡಿಯಾರ ನೋಡದೆ, "ಇನ್ನೇನಾದರೂ ಇದೆಯಾ?" ಎಂದು ಕೇಳುತ್ತ ಬರೆದುಕೊಂಡರು. ಮೊದಲ ಮೂರು ದಿನ ದೊಸಿಂದಾಗೆ ಏನೂ ಹೊಳೆಯಲಿಲ್ಲವಂತೆ. ಬೇರೆಯವರಿಗೆ ಏನು ಬೇಕೆಂದು ಕೇಳಿ ಕೇಳಿ, ತಮಗೆ ಏನು ಬೇಕೆಂದು ಎಂದೂ ಕೇಳಿಕೊಂಡಿರಲಿಲ್ಲ.

ನಾಲ್ಕನೆಯ ಬೆಳಗ್ಗೆ ಹೊಳೆದದ್ದೇನು ಎಂದು ಕೇಳಿದರೆ ಅವರು ನಾಚಿ ನಗುತ್ತಾರೆ.

"ದೊಡ್ಡದೇನಿಲ್ಲ. ನನಗೆ ಏನೂ ತಿಳೀದೇ ಹೋದಾಗ ರೊಟ್ಟಿ ಅಂಗಡೀಲಿ, ಜನ ಸಾಲು ನಿಲ್ತಾರಲ್ಲ, ಅಲ್ಲೊಂದು ಸ್ಟೂಲ್ ಹಾಕಿ ಕೂರಿಸು ಅಂತ ಮಗಳಿಗೆ ಬರೆಸಿದ್ದೀನಿ. ಬೆಳಗ್ಗೆ ಅಲ್ಲಿ ಎಲ್ರೂ ಏನಾದ್ರೂ ಹೇಳ್ಕೊಳ್ತಾ ಇರ್ತಾರೆ, ಮೊಣಕಾಲು ನೋವು, ಸೊಸೆ ಜಗಳ, ಹವಾ. ನನಗೆ ಅರ್ಥ ಆಗಲ್ಲ, ಆಗದಿದ್ರೆ ಬೇಡ. ಯಾರಾದ್ರೂ ನನ್ನ ಕಡೆ ತಿರುಗಿ ಹೇಳಿದ್ರೆ ತಲೆ ಆಡಿಸ್ತಾ ಕೂತಿರ್ತೀನಿ. ಅದೊಂದು ಮಾತ್ರ ಚೆನ್ನಾಗಿ ಬರುತ್ತೆ ನನಗೆ."